ಬಾಯಿಂದ ಮಾತು ಬಾರದವರ ಜೊತೆ ಬೋರ್ಡು, ಆಪ್, ಕಣ್ಸನ್ನೆ: ಮನೆಯವರು ಶುರು ಮಾಡುವುದು ಹೇಗೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಟ್ಟಿ ತೋರಿಸಲು ಚಿತ್ರ, ಪದ ಇರುವ ಬೋರ್ಡು ತಂದ ಮಾತ್ರಕ್ಕೆ ಯಾರೂ ಮಾತಾಡುವುದಿಲ್ಲ. ಮಾತಾಡುವ ಆಪ್ ಹಾಕಿದ ಟ್ಯಾಬ್ ತಂದರೂ ಅಷ್ಟೇ. ಎಷ್ಟೋ ಮನೆಗಳಲ್ಲಿ ಆಸೆಪಟ್ಟು ತಂದ ಟ್ಯಾಬ್ ಕೆಲವೇ ವಾರಗಳಲ್ಲಿ ಬೀರು ಸೇರುತ್ತದೆ, "ಅವನಿಗೆ ಅದು ಹಿಡಿಸಲಿಲ್ಲ" ಅನ್ನುತ್ತಾರೆ. ಆ ಕೆಲವು ವಾರದಲ್ಲಿ ಮನೆಯವರು ಒಬ್ಬರಾದರೂ ಅದನ್ನು ಮುಟ್ಟಿ ತಮ್ಮ ಮಾತು ಹೇಳಿದ್ದಾರಾ ಅಂತ ಕೇಳಿ ನೋಡಿ. ಹೆಚ್ಚಿನ ಸಲ ಇಲ್ಲ. ಬೋರ್ಡು ಮಾಡುವುದು ಹೇಗೆ ಅಂತಲೂ ಹೇಳುತ್ತೇನೆ, ಆದರೆ ಜಾಸ್ತಿ ಹೇಳಬೇಕಾಗಿರುವುದು ಬೋರ್ಡಿನ ಈಚೆ ಕೂತವರ ಬಗ್ಗೆ, ಅಂದರೆ ನಮ್ಮ ಬಗ್ಗೆ.

ಸ್ಪೀಚ್ ಥೆರಪಿಸ್ಟ್‌ಗಳು ಇದಕ್ಕೆಲ್ಲ ಸೇರಿಸಿ ಎಎಸಿ (ಆಗ್ಮೆಂಟೇಟಿವ್ ಅಂಡ್ ಆಲ್ಟರ್ನೇಟಿವ್ ಕಮ್ಯುನಿಕೇಶನ್) ಎನ್ನುತ್ತಾರೆ. ಮಾತಿನ ಜೊತೆಗೋ ಮಾತಿನ ಬದಲಿಗೋ ಬಳಸುವ ಯಾವ ದಾರಿಯಾದರೂ ಇದರೊಳಗೆ ಬರುತ್ತದೆ: ಕೈಸನ್ನೆ, ಕಣ್ಣೋಟ, ಚಿತ್ರದ ಬೋರ್ಡು, ಅಕ್ಷರದ ಹಾಳೆ, ಮುಟ್ಟಿದರೆ ಮಾತಾಡುವ ಆಪ್, ಕಣ್ಣು ಹೊರಳಿಸಿ ನಡೆಸುವ ಯಂತ್ರ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಸ್ಟ್ರೋಕ್ ಆಗಿ ಮಾತು ಹೋದ ದೊಡ್ಡವರು, ಎಎಲ್‌ಎಸ್‌ನಂಥ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆಯಲ್ಲಿ ದಿನದಿಂದ ದಿನಕ್ಕೆ ಮಾತು ಕಡಿಮೆಯಾಗುತ್ತಿರುವವರು, ಗಂಟಲಿಗೆ ಟ್ಯೂಬ್ ಹಾಕಿಸಿಕೊಂಡು ಐಸಿಯುನಲ್ಲಿ ಮಲಗಿರುವವರು, ಹೀಗೆ ಬೇಕಾದವರು ಬಹಳ ಜನ. ಒಬ್ಬರೇ ಎರಡು ಮೂರು ದಾರಿ ಬಳಸುವುದು ಮಾಮೂಲು. ಮನೆಯಲ್ಲಿ ಸನ್ನೆ ಸಾಕು, ಹೊರಗೆ ಬೋರ್ಡು ಬೇಕು. ಅದರಲ್ಲಿ ತಪ್ಪೇನಿಲ್ಲ, ನಾವೂ ಒಮ್ಮೆ ತಲೆ ಆಡಿಸುತ್ತೇವೆ, ಒಮ್ಮೆ ಮೆಸೇಜ್ ಹಾಕುತ್ತೇವೆ, ಅಲ್ವಾ?

ಮೊದಲು ಎರಡು ಭಯ ಬಿಡಿ

"ಚಿತ್ರ ತೋರಿಸಿ ಅಭ್ಯಾಸ ಆದರೆ ಬಾಯಿ ಬಿಡುವುದೇ ಇಲ್ಲ" ಎಂಬ ಭಯ ಎಲ್ಲ ಅಪ್ಪ ಅಮ್ಮಂದಿರಿಗೂ ಇರುತ್ತದೆ. ಸಹಜ. ಆದರೆ ಆಗುವುದು ಹಾಗಲ್ಲ. ಮಿಲ್ಲರ್, ಲೈಟ್, ಶ್ಲಾಸರ್ ಎಂಬ ಮೂವರು ಸಂಶೋಧಕರು 2006ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಗಟ್ಟಿ ಪುರಾವೆ ಸಿಕ್ಕಿದ್ದು 27 ಜನರ ಬಗ್ಗೆ. ಅವರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇಕಡಾ 89ರಷ್ಟು ಜನರಲ್ಲಿ ಬಾಯಿಮಾತು ಹೆಚ್ಚಿತ್ತು, ಉಳಿದವರಲ್ಲಿ ಮೊದಲಿದ್ದ ಹಾಗೇ ಇತ್ತು. ಹೆಚ್ಚಿದ್ದೂ ಭಾರಿ ಏನಲ್ಲ, ಸ್ವಲ್ಪ ಸ್ವಲ್ಪ. ಹಾಗಾಗಿ "ಬೋರ್ಡು ಕೊಟ್ಟರೆ ಮಾತು ಬಂದೇ ಬರುತ್ತದೆ" ಅಂತ ಯಾರಾದರೂ ಭರವಸೆ ಕೊಟ್ಟರೆ ಅದನ್ನೂ ನಂಬಬೇಡಿ. ಮಾತು ಬರಲಿ ಬಿಡಲಿ, ಅಲ್ಲಿಯವರೆಗೆ ಹೇಳಬೇಕಾದದ್ದನ್ನು ಹೇಳಲು ಒಂದು ದಾರಿ ಬೇಕು. ಅಷ್ಟೇ ವಿಷಯ.

ಎರಡನೆಯದು, "ಇನ್ನೂ ತಯಾರಾಗಿಲ್ಲ" ಎಂಬ ಮಾತು. ಮೊದಲು ಒಂದು ಕಡೆ ಕೂರಲಿ, ಮೊದಲು ಚಿತ್ರ ಗುರುತಿಸಲಿ, ಮೊದಲು ಬೆರಳು ಸರಿಯಾಗಿ ತೋರಿಸಲಿ, ಆಮೇಲೆ ನೋಡೋಣ. ಇದಕ್ಕೆ ಕಾಯುತ್ತಾ ಕೂತರೆ ವರ್ಷಗಳೇ ಹೋಗುತ್ತವೆ. ಹುಟ್ಟಿದ ಕೂಸಿನ ಜೊತೆ ನಾವು ಮೊದಲ ದಿನದಿಂದ ಮಾತಾಡುತ್ತೇವೆ, ಅದು ತಿರುಗಿ ಮಾತಾಡಲಿ ಆಮೇಲೆ ನಾವು ಶುರು ಮಾಡೋಣ ಅಂತ ಕಾಯುವುದಿಲ್ಲ. ಇಲ್ಲೂ ಹಾಗೇ. ವಯಸ್ಸು ತೀರಾ ಚಿಕ್ಕದು, ತೀರಾ ದೊಡ್ಡದು ಅಂತೇನೂ ಇಲ್ಲ.

ಈಗಾಗಲೇ ಏನು ಹೇಳುತ್ತಿದ್ದಾರೆ ನೋಡಿ

ಏನನ್ನೂ ಕೊಳ್ಳುವ ಮೊದಲು ಕೆಲವು ದಿನ ಸುಮ್ನೆ ಗಮನಿಸಿ. ಬೇಡ ಅನ್ನಿಸಿದಾಗ ಮುಖ ಯಾವ ಕಡೆ ತಿರುಗುತ್ತದೆ? ಯಾರಾದರೂ ಬಂದಾಗ ಉಸಿರು, ಕಾಲು, ಕೈ ಏನು ಮಾಡುತ್ತವೆ? ಖುಷಿಯ ಸದ್ದಿಗೂ ಸಿಟ್ಟಿನ ಸದ್ದಿಗೂ ಏನು ವ್ಯತ್ಯಾಸ? ಮನೆಯವರಿಗೆ ಇದು ಅರ್ಧ ಗೊತ್ತಿರುತ್ತದೆ, ಆದರೆ ತಲೆಯೊಳಗೆ ಮಾತ್ರ. ಅದನ್ನು ಬರೆದಿಡಿ. "ತುಟಿ ಒತ್ತಿ ಹಿಡಿದರೆ ಸಾಕು ಅಂತ ಅರ್ಥ" ಎಂಬ ಒಂದೇ ಸಾಲು, ನಾಳೆ ನೋಡಿಕೊಳ್ಳಲು ಬರುವ ಹೊಸಬರಿಗೆ ದೊಡ್ಡ ಸಹಾಯ.

ಆಮೇಲೆ ಹೌದು, ಇಲ್ಲ. ಇದು ಗಟ್ಟಿಯಾದರೆ ಅರ್ಧ ಕೆಲಸ ಆದಂತೆ. ತಲೆ ಆಡಿಸಲು ಆಗದವರಿಗೆ ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿ ಹಿಡಿದರೆ ಇಲ್ಲ, ಹೀಗೆ ಏನಾದರೂ ಗೊತ್ತು ಮಾಡಿಕೊಳ್ಳಿ. ಒಂದು ಸಲ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ ಎಂಬುದು ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜದಲ್ಲಿ ರೆಪ್ಪೆ ತಾನಾಗೇ ಬಡಿಯುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ. ಎರಡೂ ಬೇರೆ ಬೇರೆಯಾಗಿ ಕಾಣುವ ಸನ್ನೆ ಆರಿಸಿ. "ಸನ್ನೆ ಮಾಡದಿದ್ದರೆ ಇಲ್ಲ ಅಂತ ಅರ್ಥ" ಎಂದು ಮಾತ್ರ ಇಟ್ಟುಕೊಳ್ಳಬೇಡಿ. ಸುಸ್ತಾಗಿ ಸುಮ್ಮನಿದ್ದವರು ಎಲ್ಲದಕ್ಕೂ ಬೇಡ ಅಂದ ಹಾಗೆ ಆಗುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಒಂದು ಸಲಕ್ಕೆ ಒಂದೇ ಪ್ರಶ್ನೆ. "ಕಿಟಕಿ ತೆಗೀಲಾ, ಫ್ಯಾನ್ ಹಾಕಲಾ, ಅಥವಾ ಸಾಕಾ?" ಎಂದರೆ ಹೌದು ಎಂಬುದು ಯಾವುದಕ್ಕೆ? "ಹೊರಗೆ ಹೋಗೋದು ಬೇಡ್ವಾ?" ಅಂತ ಉಲ್ಟಾ ಕೇಳಲೇಬೇಡಿ. ಅದಕ್ಕೆ ಹೂಂ ಅಂದರೆ ಬೇಡ ಅಂತಲೋ ಹೋಗಬೇಕು ಅಂತಲೋ, ಬಾಯಿ ಇರುವವರಿಗೇ ಗೊಂದಲ. ಉತ್ತರದ ಬಗ್ಗೆ ಅನುಮಾನ ಬಂದರೆ ತಿರುಗಿಸಿ ಕೇಳಿ: "ದೀಪ ಆರಿಸಲಾ?" ಆದಮೇಲೆ "ದೀಪ ಹಾಗೇ ಇರಲಾ?" "ಗೊತ್ತಿಲ್ಲ", "ಆಮೇಲೆ ಹೇಳ್ತೀನಿ", "ನಿಮ್ಮ ಪ್ರಶ್ನೆಯೇ ತಪ್ಪು" ಅನ್ನಲೂ ಒಂದೊಂದು ಸನ್ನೆ ಇದ್ದರೆ ಒಳ್ಳೆಯದು.

ಬೋರ್ಡಿನಲ್ಲಿ ಯಾವ ಪದ?

ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ನೀರು, ಊಟ, ಟಾಯ್ಲೆಟ್, ನಿದ್ದೆ, ಮುಗಿಯಿತು. ಎಷ್ಟು ಬೋರ್ಡು ನೋಡಿದರೂ ಇಷ್ಟೇ. ಇದರಿಂದ ಕೆಲಸ ಮಾಡಿಸಿಕೊಳ್ಳಬಹುದು, ಮಾತಾಡಲು ಆಗುವುದಿಲ್ಲ. ನೀರು ಬೇಕು ಅಂತ ಹೇಗೂ ಗೊತ್ತಾಗುತ್ತದೆ, ಲೋಟದ ಕಡೆ ನೋಡಿದರೆ ಸಾಕು. "ಇದು ಬೋರು", "ಅವನು ಸುಳ್ಳು ಹೇಳ್ತಿದ್ದಾನೆ", "ಮತ್ತೆ ಹೇಳು", "ನೀನು ಬೇಡ, ಅವಳು ಬರಲಿ" ಅನ್ನಬೇಕಾದರೆ ಎಲ್ಲಿ ನೋಡಬೇಕು?

ನಾವು ಇಡೀ ದಿನ ಆಡುವ ಮಾತಿನ ಬಹುಪಾಲು ಕೆಲವು ನೂರು ಪದಗಳಲ್ಲೇ ಮುಗಿಯುತ್ತದೆ. ಎಲ್ಲಿಗೆ ಹೋದರೂ, ಯಾವ ವಿಷಯಕ್ಕೂ ಬರುವ ಪದಗಳು ಅವು. ಬೇಕು, ಬೇಡ, ಸಾಕು, ಇನ್ನೂ, ಬಾ, ಹೋಗು, ಕೊಡು, ನೋಡು, ಮಾಡು, ನಿಲ್ಲಿಸು, ಇದು, ಅದು, ಇಲ್ಲಿ, ಏನು, ಯಾರು, ಎಲ್ಲಿ, ಯಾಕೆ, ಆಯ್ತು, ಚೆನ್ನಾಗಿದೆ, ಚೆನ್ನಾಗಿಲ್ಲ, ನೋವು, ಸಹಾಯ. ಬೋರ್ಡಿನ ಬೆನ್ನೆಲುಬು ಇವೇ ಆಗಲಿ. ಇವನ್ನು ಎರಡೆರಡಾಗಿ ಸೇರಿಸಿದರೇ ನೂರು ಮಾತಾಗುತ್ತದೆ: "ಇನ್ನೂ ನೋಡು", "ಅದು ಬೇಡ", "ಯಾರು ಮಾಡು?" ಆಮೇಲೆ ಆ ವ್ಯಕ್ತಿಗೇ ಬೇಕಾದ ಹೆಸರುಗಳು: ಮನೆಯವರು, ಸ್ನೇಹಿತರು, ಇಷ್ಟದ ಆಟ, ನಟ, ನಾಯಿ. ಅದು ಅವರ ಪಟ್ಟಿ, ನಿಮ್ಮದಲ್ಲ.

ಇಂಗ್ಲಿಷ್ ಬೋರ್ಡನ್ನು ಪದಕ್ಕೆ ಪದ ಹಾಕಿ ಕನ್ನಡ ಮಾಡಿದರೆ ಕೆಲವು ಕಡೆ ಎಡವುತ್ತದೆ. ನಮ್ಮಲ್ಲಿ "ನಾನು ಬೇಕು" ಅಂದರೆ ಅರ್ಥವೇ ಬೇರೆ, ಹಾಗಾಗಿ ನಾನು, ನನಗೆ, ನನ್ನ, ಮೂರೂ ಬೇಕು. ಕ್ರಿಯಾಪದದ ಬಾಲಕ್ಕೆಲ್ಲ ಬಟನ್ ಇಡಲು ಆಗುವುದಿಲ್ಲ. ಶುರುವಿಗೆ "ಹೋಗು" ಎಂಬ ಒಂದು ಬಟನ್ ಸಾಕು, ಜೊತೆಗೆ ನಿನ್ನೆ, ಈಗ, ನಾಳೆ, ಆಯ್ತು ಇರಲಿ. ಅವರು "ನಿನ್ನೆ ಹೋಗು" ಎಂದು ಮುಟ್ಟಿದರೆ ನೀವು "ಓ, ನಿನ್ನೆ ಹೋಗಿದ್ದೆ" ಎಂದು ಪೂರ್ತಿ ಮಾಡಿ ಹೇಳಿ, ತಿದ್ದಿದ ಹಾಗೆ ಅಲ್ಲ, ಮಾತು ಮುಂದುವರಿಸಿದ ಹಾಗೆ. ಇನ್ನೊಂದು: ಮಾತಾಡುವ ಆಪ್‌ನಲ್ಲಿ "ಬಾ", "ಕೊಡು" ಮಾತ್ರ ಇದ್ದರೆ ಮಗು ಅಜ್ಜನನ್ನೂ ಟೀಚರನ್ನೂ ಬಾ ಎಂದೇ ಕರೆಯಬೇಕು! ಬನ್ನಿ, ಕೊಡಿ, ನೀವು ಕೂಡ ಸೇರಿಸಿ. ದೊಡ್ಡವರ ಬೋರ್ಡಿಗೆ ಎರಡೂ ಬೇಕು, ಅವರು ಮೊಮ್ಮಕ್ಕಳಿಗೆ ಬನ್ನಿ ಅನ್ನುವುದಿಲ್ಲವಲ್ಲ.

ಚಿತ್ರ ಎಲ್ಲಿಂದ? ಸ್ಪೇನಿನ ಅರಗಾನ್ ಸರ್ಕಾರದ ಅರಾಸಾಕ್ ಎಂಬ ಸಂಗ್ರಹದಲ್ಲಿ ಸಾವಿರಾರು ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅವರ ಹೆಸರು ಹಾಕಿ, ವ್ಯಾಪಾರಕ್ಕಲ್ಲದೆ ಬಳಸಬಹುದು. ಜನ, ಜಾಗಗಳಿಗೆ ನಿಮ್ಮ ಫೋನಿನ ಫೋಟೋನೇ ಚೆನ್ನ. "ಇನ್ನೂ", "ಬೇರೆ" ಇಂಥವಕ್ಕೆ ಯಾವ ಚಿತ್ರವೂ ಸರಿಹೋಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಯಾವುದೋ ಒಂದು ಹಾಕಿ, ಬಳಸುತ್ತಾ ಬಳಸುತ್ತಾ ಅರ್ಥ ಕೂಡಿಕೊಳ್ಳುತ್ತದೆ. ಚಿತ್ರದ ಜೊತೆ ಪದವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಕಣ್ಣು ಸರಿ ಕಾಣದವರಿಗೆ ಚಿತ್ರದ ಬದಲು ಮುಟ್ಟಿ ತಿಳಿಯುವ ವಸ್ತುಗಳನ್ನು ಬಳಸಬಹುದು, ಹೊರಗೆ ಹೋಗುವುದಕ್ಕೆ ಚಪ್ಪಲಿಯ ಪಟ್ಟಿಯ ತುಂಡು, ಈ ಥರ.

ಜಾಗ ಮಾತ್ರ ಬದಲಿಸಬೇಡಿ. ದಯವಿಟ್ಟು. ಕೀಬೋರ್ಡಿನಲ್ಲಿ ನಮ್ಮ ಬೆರಳು ನೋಡದೇ ಅಕ್ಷರ ಹುಡುಕುವ ಹಾಗೆ, ಅವರ ಕೈಯೂ "ಬೇಡ" ಎಲ್ಲಿದೆ ಅಂತ ಕಲಿತಿರುತ್ತದೆ. ಹೊಸ ಪದ ಬಂದಾಗಲೆಲ್ಲ ಎಲ್ಲವನ್ನೂ ಸರಿಸಿ ಚಂದ ಮಾಡಿದರೆ ಕಲಿತದ್ದೆಲ್ಲ ಹೋಯಿತು. ಆದ್ದರಿಂದ ಮೊದಲೇ ದೊಡ್ಡ ಚೌಕಟ್ಟು ಹಾಕಿ, ಖಾಲಿ ಚೌಕಗಳನ್ನು ಬಿಟ್ಟು, ಬೇಕಾದಂತೆ ತುಂಬುತ್ತಾ ಹೋಗಿ. ನಾಲ್ಕು ಚಿತ್ರದಿಂದ ಶುರು ಮಾಡಿ ಎಂಟಕ್ಕೆ, ಆಮೇಲೆ ಹದಿನಾರಕ್ಕೆ ಎಂದು ಏರಿಸುವವರಿದ್ದಾರೆ. ಪ್ರತಿ ಸಲವೂ ಹೊಸದಾಗಿ ಕಲಿಯಬೇಕಾಗುತ್ತದೆ. ಕೈಗೂ ಕಣ್ಣಿಗೂ ಆಗುವುದಾದರೆ ಜಾಸ್ತಿ ಪದದಿಂದಲೇ ಶುರು ಮಾಡುವುದು ವಾಸಿ ಅಂತ ನನ್ನ ಅಭಿಪ್ರಾಯ.

ನೀವು ಮುಟ್ಟಿ ಮಾತಾಡಿ

ಎಲ್ಲಕ್ಕಿಂತ ಮುಖ್ಯ ಇದು. ಥೆರಪಿಸ್ಟ್‌ಗಳು ಮಾಡೆಲಿಂಗ್ ಎನ್ನುತ್ತಾರೆ. ಮಾಡುವುದಿಷ್ಟೇ: ನೀವು ಮಾತಾಡುವಾಗ ಬಾಯಲ್ಲಿ ಪೂರ್ತಿ ವಾಕ್ಯ ಹೇಳಿ, ಬೆರಳಲ್ಲಿ ಅದರ ಒಂದೋ ಎರಡೋ ಪದ ಮುಟ್ಟಿ. "ಅಯ್ಯೋ, ಚೆಂಡು ಎಲ್ಲಿ ಹೋಯ್ತು?" ಅನ್ನುತ್ತಾ ಎಲ್ಲಿ, ಹೋಗು ಮುಟ್ಟಿ. ಸ್ನಾನ ಮಾಡಿಸುವಾಗ "ಇನ್ನೂ ಸ್ವಲ್ಪ ನೀರು ಹಾಕ್ತೀನಿ, ಆಮೇಲೆ ಆಯ್ತು" ಎನ್ನುತ್ತಾ ಇನ್ನೂ, ಆಯ್ತು. ಟಿವಿ ನೋಡುವಾಗ "ಇವನು ಸರಿಯಿಲ್ಲ ಕಣೋ" ಎನ್ನುತ್ತಾ ಚೆನ್ನಾಗಿಲ್ಲ. ಅವರು ಒಂದು ಪದ ಮುಟ್ಟುವ ಹಂತದಲ್ಲಿದ್ದರೆ ನೀವು ಎರಡು ಮುಟ್ಟಿ. ಮುಟ್ಟಿದ ಮೇಲೆ "ಈಗ ನೀನು ಮುಟ್ಟು" ಅನ್ನಬೇಡಿ. ಕೈ ಹಿಡಿದು ಮುಟ್ಟಿಸಬೇಡಿ. ಅವರು ಬೋರ್ಡಿನ ಕಡೆ ನೋಡದಿದ್ದರೂ ಮುಂದುವರಿಸಿ, ಕಿವಿ ಕೇಳುತ್ತಿರುತ್ತದೆ.

ಇದು ಬಹಳ ದಿನದ ಕೆಲಸ. ತಿಂಗಳುಗಟ್ಟಲೆ ನೀವೊಬ್ಬರೇ ಮುಟ್ಟುತ್ತಿದ್ದೀರಿ ಅನ್ನಿಸುತ್ತದೆ. ದಿನವಿಡೀ ಮಾಡಲು ಹೊರಟರೆ ಒಂದು ವಾರಕ್ಕೇ ಸಾಕಾಗುತ್ತದೆ. ಅದಕ್ಕೆ ದಿನದ ಒಂದು ಹೊತ್ತು ಆರಿಸಿಕೊಳ್ಳಿ, ಸ್ನಾನದ ಹೊತ್ತೋ, ಕಥೆಪುಸ್ತಕ ಓದುವ ಹೊತ್ತೋ. ಅಲ್ಲಿ ಕೈ ಕುದುರಿದ ಮೇಲೆ ಇನ್ನೊಂದು ಹೊತ್ತು.

ಪರೀಕ್ಷೆ ಮಾಡುವ ಚಾಳಿ ಬಿಡಿ. "ನಾಯಿ ಎಲ್ಲಿದೆ ತೋರಿಸು? ಬೆಕ್ಕು ಎಲ್ಲಿದೆ ತೋರಿಸು?" ಇದು ಮಾತುಕತೆಯಲ್ಲ. ನಿಮಗೆ ಗೊತ್ತಿರುವ ಉತ್ತರವನ್ನು ಯಾರಾದರೂ ದಿನಾ ಕೇಳಿದರೆ ನಿಮಗೂ ಮಾತು ಬೇಡವಾಗುತ್ತದೆ. ಅದರ ಬದಲು ನಿಮ್ಮ ಅನಿಸಿಕೆ ಹೇಳಿ, ಆಮೇಲೆ ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೆಲವರಿಗೆ ಅದಕ್ಕಿಂತ ಜಾಸ್ತಿ ಬೇಕು. ಪದ ನೆನಪಾಗಬೇಕು, ಅದು ಇರುವ ಪುಟ ಸಿಗಬೇಕು, ಕೈ ಅಲ್ಲಿಗೆ ತಲುಪಬೇಕು, ಇಷ್ಟರಲ್ಲಿ ನಾವು ಮೂರು ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಕೊಟ್ಟಿರುತ್ತೇವೆ. ಕಾಯುವಾಗ ಮುಖ ನೋಡಿ, ಫೋನಲ್ಲ.

ಗೊತ್ತಿಲ್ಲದೇ ಕೈ ತಗುಲಿ "ಹೋಗು" ಒತ್ತಿದರೂ ಅದನ್ನು ಮಾತು ಅಂತಲೇ ತೆಗೆದುಕೊಳ್ಳಿ: "ಹೋಗೋಣ ಅಂದ್ಯಾ? ಸರಿ, ವರಾಂಡಕ್ಕೆ ಹೋಗೋಣ." ಒತ್ತಿದರೆ ಏನೋ ಆಗುತ್ತದೆ ಎಂಬುದು ಹೀಗೇ ತಿಳಿಯುವುದು. ಒಂದೇ ಬಟನ್ ಮತ್ತೆ ಮತ್ತೆ ಒತ್ತಿ ಆಡುತ್ತಿದ್ದರೆ ಆಡಲಿ, ಪುಟ್ಟ ಮಕ್ಕಳು ಬಾಯಲ್ಲಿ ಬಾಬಾಬಾ ಅನ್ನುತ್ತಿರುವುದಿಲ್ಲವಾ.

ಕೈ ಆಡದಿದ್ದರೆ

ಎಎಲ್‌ಎಸ್ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಒಂದು ಸ್ನಾಯು ಅಲುಗಿಸಿ ಕಂಪ್ಯೂಟರ್ ನಡೆಸುತ್ತಿದ್ದರು. ಯಾವುದಾದರೂ ಒಂದು ಅಂಗ ಬೇಕೆಂದಾಗ ಅಲುಗಿದರೆ ಸಾಕು, ಅದಕ್ಕೊಂದು ಸ್ವಿಚ್ ಜೋಡಿಸಬಹುದು. ಆದರೆ ಯಂತ್ರ ಇಲ್ಲದೆಯೂ ಆಗುತ್ತದೆ. ನೀವು ಒಂದೊಂದೇ ಆಯ್ಕೆಯನ್ನು ಓದುತ್ತಾ ಹೋಗಿ, ಬೇಕಾದದ್ದು ಬಂದಾಗ ಅವರು ಹೌದು ಸನ್ನೆ ಮಾಡುತ್ತಾರೆ. ನಿಧಾನವಾಗಿ, ಒಂದೇ ದನಿಯಲ್ಲಿ ಓದಿ. ನಿಮಗೆ ಬೇಕಾದ ಉತ್ತರದ ಹತ್ತಿರ ದನಿ ಏರಿಸಿದರೆ ಅದು ಅವರ ಉತ್ತರವಲ್ಲ. ಪ್ರತಿ ಪಟ್ಟಿಯ ಕೊನೆಯಲ್ಲಿ "ಇದ್ಯಾವುದೂ ಅಲ್ಲ" ಅಂತ ಇರಲೇಬೇಕು.

ಓದು ಬರಹ ಬಲ್ಲವರಿಗೆ ಅಕ್ಷರದ ಹಾಳೆ. ಇದಕ್ಕೆ ನಮ್ಮ ವರ್ಣಮಾಲೆ ಹೇಳಿ ಮಾಡಿಸಿದಂತಿದೆ, ಸಾಲುಗಳು ಮೊದಲೇ ತಯಾರು. "ಸ್ವರದ ಸಾಲಾ? ಕ ಸಾಲಾ? ಚ? ಟ? ತ? ಪ?" ಪ ಸಾಲಿಗೆ ಸನ್ನೆ ಬಂದರೆ ಆ ಸಾಲು ಓದಿ, ಬ ಹತ್ತಿರ ನಿಲ್ಲುತ್ತಾರೆ. ಆಮೇಲೆ ಕಾಗುಣಿತ: ಬ, ಬಾ, ಬಿ, ಬೀ ಎಂದು ಹೋಗಿ ಬೆ. ಮುಂದಿನ ಅಕ್ಷರ ನ. "ಬೆನ್ನಾ?" ಎಂದು ಕೇಳಿ, ಹೌದು ಅಂದರೆ ಬರೆದುಕೊಳ್ಳಿ. ಒತ್ತಕ್ಷರದ ಗೊಡವೆ ಬೇಡ, ಅಕ್ಕ ಎಂಬುದನ್ನು ಅ, ಕ, ಕ ಎಂದರೂ ಗೊತ್ತಾಗುತ್ತದೆ. ಮಹಾಪ್ರಾಣ ಬಿಟ್ಟರೂ ನಡೆಯುತ್ತದೆ. ಕಾಗುಣಿತ ಮಾತ್ರ ಪೂರ್ತಿ ಬಿಟ್ಟರೆ ಕಷ್ಟ, ಬ, ನ ಎಂಬುದು ಬೆನ್ನೂ ಆಗಬಹುದು ಬನ್ನಿಯೂ ಆಗಬಹುದು. ಪದ ಮುಗಿಯುವ ಮೊದಲೇ ಊಹಿಸಬಹುದಾ ಅಂತ ಅವರನ್ನೇ ಕೇಳಿ. ಕೆಲವರಿಗೆ ಅದು ಸಮಯ ಉಳಿಸುತ್ತದೆ, ಕೆಲವರಿಗೆ ಮೈ ಉರಿಯುತ್ತದೆ.

ಕಣ್ಣು ಚೆನ್ನಾಗಿ ಹೊರಳಿಸಬಲ್ಲವರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒಳ್ಳೆಯದು. ನಡುವೆ ಕಿಟಕಿಯಂತೆ ಕತ್ತರಿಸಿ, ಸುತ್ತ ಚಿತ್ರ ಅಥವಾ ಅಕ್ಷರ ಅಂಟಿಸಿ, ಇಬ್ಬರ ಮುಖದ ನಡುವೆ ಹಿಡಿಯಿರಿ. ಅವರು ಯಾವುದನ್ನು ನೋಡುತ್ತಿದ್ದಾರೆ ಅಂತ ಆಚೆ ಕೂತ ನಿಮಗೆ ಕಾಣುತ್ತದೆ.

ದೊಡ್ಡವರ ವಿಷಯ

ಸ್ಟ್ರೋಕ್ ಆಗಿ ಮಾತು ಹೋದವರಿಗೆ ಬುದ್ಧಿ ಹೋಗಿಲ್ಲ, ಪದ ಸಿಗುತ್ತಿಲ್ಲ. ಅವರ ಮುಂದೆ ಜೋರಾಗಿ ಕೂಗುವುದು, ಮಗುವಿನ ದನಿಯಲ್ಲಿ ಮಾತಾಡುವುದು, ಅವರ ಬಗ್ಗೆಯೇ ಅವರೆದುರು ಮೂರನೆಯವರ ಹತ್ತಿರ ಕೇಳುವುದು ಬಿಡಿ. ಒಂದು ದಪ್ಪ ಪೆನ್ನು, ಖಾಲಿ ಪುಸ್ತಕ ಇಟ್ಟುಕೊಳ್ಳಿ. ವಿಷಯದ ಹೆಸರು ಮೇಲೆ ಬರೆಯಿರಿ, ಕೆಳಗೆ ಮೂರು ನಾಲ್ಕು ಆಯ್ಕೆ ಬರೆದು ತೋರಿಸಿ. ನಕ್ಷೆ, ಕ್ಯಾಲೆಂಡರ್, ಮನೆಯವರ ಫೋಟೋ ಹತ್ತಿರವಿರಲಿ. "ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು" ಎಂದು ಬಾಯಿಬಿಟ್ಟು ಹೇಳಿ. ಅರ್ಥ ಆಗದಿದ್ದರೆ ಆಯ್ತು ಆಯ್ತು ಅಂತ ತಲೆ ಆಡಿಸಬೇಡಿ, ಅವರಿಗೆ ಗೊತ್ತಾಗುತ್ತದೆ. ಎಎಲ್‌ಎಸ್ ಅಂತ ಗೊತ್ತಾದ ಕೂಡಲೇ, ಮಾತು ಸ್ಪಷ್ಟವಾಗಿರುವಾಗಲೇ, ಅವರ ದನಿಯನ್ನು ರೆಕಾರ್ಡ್ ಮಾಡಿಡಿ. ಬರೀ ವಾಕ್ಯಗಳಲ್ಲ, ಅವರ ಬೈಗುಳ, ನಗು, ಮಕ್ಕಳನ್ನು ಕರೆಯುವ ರೀತಿ ಕೂಡ. ಆಪರೇಷನ್ ಆಗಿ ಟ್ಯೂಬ್ ಹಾಕುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಬೋರ್ಡನ್ನು ಹಿಂದಿನ ದಿನವೇ ತೋರಿಸಿಡಿ.

ಆಪ್ ಮತ್ತು ಯಂತ್ರ

ಇಲ್ಲಿ ಬೇಗ ಮುಗಿಸುತ್ತೇನೆ. ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಕನ್ನಡ ಓದಿ ಹೇಳುವ ದನಿ ಇದೆ, ಸೆಟಿಂಗ್ಸ್‌ಗೆ ಹೋಗಿ ಹಾಕಿಕೊಳ್ಳಬೇಕು. ಟೈಪ್ ಮಾಡಬಲ್ಲವರಿಗೆ ಅದೇ ಅರ್ಧ ಸಾಕು. ಚಿತ್ರ ಬೇಕಾದರೆ ಸಿಬೋರ್ಡ್ ಎಂಬ ಓಪನ್ ಸೋರ್ಸ್ ಆಪ್ ಇದೆ. ಯಾವ ಆಪ್ ಆದರೂ ಇಷ್ಟು ನೋಡಿ: ನಿಮ್ಮದೇ ಪದ, ಫೋಟೋ ಸೇರಿಸಲು ಬರುತ್ತದಾ, ನೆಟ್ ಇಲ್ಲದೇ ನಡೆಯುತ್ತದಾ, ಮಾಡಿದ್ದನ್ನು ಬ್ಯಾಕಪ್ ಇಡಬಹುದಾ. ಮಾತಿನ ಟ್ಯಾಬ್‌ನಲ್ಲಿ ವಿಡಿಯೋ, ಗೇಮ್ ಹಾಕಬೇಡಿ. ಕಣ್ಣಿನಿಂದ ನಡೆಯುವ ಯಂತ್ರಗಳು ಬಿಸಿಲಿನಲ್ಲಿ ತಡಬಡಾಯಿಸುತ್ತವೆ. ಚಾರ್ಜ್ ಮುಗಿಯುತ್ತದೆ, ಬೀಳುತ್ತದೆ, ಒದ್ದೆಯಾಗುತ್ತದೆ, ಹಾಗಾಗಿ ಅದೇ ಪುಟಗಳ ಪ್ರಿಂಟ್ ಲ್ಯಾಮಿನೇಟ್ ಮಾಡಿ ಬ್ಯಾಗಿನಲ್ಲಿಡಿ.

ಬೇಡ ಅನ್ನುವ ಹಕ್ಕು

ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲೇ ಈ ದಾರಿಗಳನ್ನು ಸಂವಹನ ಎಂದು ಹೆಸರಿಸಿ ಸೇರಿಸಿದ್ದಾರೆ. ಅಂದರೆ ಬೋರ್ಡು ಅವರ ಬಾಯಿ. ತಂಟೆ ಮಾಡಿದ ಅಂತ ಟ್ಯಾಬ್ ಕಿತ್ತುಕೊಳ್ಳುವುದು, ಮಾತಾಡುವ ಮಗುವಿನ ಬಾಯಿಗೆ ಪ್ಲಾಸ್ಟರ್ ಹಚ್ಚುವುದಕ್ಕೆ ಸಮ. ಬೇಡ ಅಂದರೆ, ಆದಷ್ಟು ಸಲ ಬೇಡ ಅಂತಲೇ ನಡೆದುಕೊಳ್ಳಿ. ಔಷಧದಂಥ ಬಿಡಲಾಗದ್ದಿದ್ದರೆ "ಬೇಡ ಅಂದೆ, ಕೇಳಿಸಿತು, ಆದರೂ ಇದು ಬೇಕೇ ಬೇಕು" ಎಂದು ಹೇಳಿ. ದೇಹದ ಎಲ್ಲ ಭಾಗಗಳ ಹೆಸರು, ಗುಪ್ತಾಂಗವೂ ಸೇರಿ, "ಮುಟ್ಟಬೇಡ", "ಹೊಡೆದರು", "ಭಯ ಆಗ್ತಿದೆ" ಬೋರ್ಡಿನಲ್ಲಿರಲಿ. ಮುಜುಗರ ಆಗುತ್ತದೆ ಅಂತ ಬಿಡುವವರೇ ಜಾಸ್ತಿ. ಕೆಟ್ಟದ್ದು ನಡೆದಾಗ ಹೇಳಲು ಪದವೇ ಇಲ್ಲದಿದ್ದರೆ ಏನು ಮಾಡಬೇಕು?

ಒಂದು ಎಚ್ಚರಿಕೆಯೂ ಇದೆ. ಕೈಯನ್ನೋ ಮೊಣಕೈಯನ್ನೋ ಇನ್ನೊಬ್ಬರು ಹಿಡಿದು ಅಕ್ಷರ ತೋರಿಸಿ ಉದ್ದುದ್ದ ವಾಕ್ಯ ಬರೆಸುವ ಒಂದು ಪದ್ಧತಿಯಿದೆ, ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಅಂತ. ಪರೀಕ್ಷೆ ಮಾಡಿ ನೋಡಿದಾಗ ಮಾತು ಬರುತ್ತಿದ್ದದ್ದು ಕೈ ಹಿಡಿದವರಿಂದ, ಅವರಿಗೇ ಗೊತ್ತಿಲ್ಲದಂತೆ. ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘ ಆಶಾ ಇದನ್ನು ಬಳಸಬಾರದು ಎಂದು 2018ರಲ್ಲಿ ಮತ್ತೆ ಹೇಳಿತು. ಬೋರ್ಡು ಹಿಡಿದು ನಿಲ್ಲಿ, ಕುರ್ಚಿ ಸರಿಮಾಡಿ, ಆದರೆ ಆಯ್ಕೆ ಮಾಡುವ ಕೈ ಅವರದೇ ಇರಲಿ.

ಕೊನೆಗೆ, ಬೋರ್ಡಿನ ಮೊದಲ ಪುಟದಲ್ಲಿ ಹೊಸಬರಿಗಾಗಿ ನಾಲ್ಕು ಸಾಲು ಬರೆದು ಅಂಟಿಸಿ, ಅವರ ಮಾತಿನಲ್ಲೇ, ಆಗುವುದಾದರೆ ಅವರನ್ನೇ ಕೇಳಿಕೊಂಡು: "ನೀವು ಹೇಳುವುದು ನನಗೆ ಕೇಳಿಸುತ್ತದೆ. ನಾನು ಈ ಬೋರ್ಡು ಮುಟ್ಟಿ ಮಾತಾಡುತ್ತೇನೆ. ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿ ಹಿಡಿದರೆ ಇಲ್ಲ. ನಿಧಾನ ಆಗುತ್ತದೆ, ಕಾಯಿರಿ. ಅರ್ಥ ಆಗದಿದ್ದರೆ ಇನ್ನೊಮ್ಮೆ ಕೇಳಿ, ನನ್ನನ್ನೇ ಕೇಳಿ, ಪಕ್ಕದವರನ್ನಲ್ಲ." ಇದರ ಒಂದು ಪ್ರತಿ ಶಾಲೆಗೆ, ಒಂದು ಆಸ್ಪತ್ರೆ ಫೈಲಿಗೆ, ಒಂದು ಗಾಲಿಕುರ್ಚಿಯ ಹಿಂದೆ. ಸನ್ನೆ ಬದಲಾದಾಗ ಎಲ್ಲ ಪ್ರತಿಗಳನ್ನೂ ಬದಲಿಸಿ.